ಬಾಯಮ್ಮನ ಬಾವಿ ಸ್ಟಾಪು

ಅಥವಾ ಈ ನೆನಪೂ ಸುಳ್ಳಿರಬಹುದು. ಕಂಡಕ್ಟರ್ ‘ಬಾಯಮ್ಮನ ಬಾವಿ, ಬಾಯಮ್ಮನ ಬಾವಿ’ ಎಂದು ಕೂಗಿದಾಗ ಅಮ್ಮ ಮುಖ ತಿರುಗಿಸಿದ್ದು ನನಗೆ ನೆನಪಿದೆ. ಆದರೆ ಅವನು ಕೂಗುವ ಮೊದಲೇ ನಾವು ಇಳಿದುಬಿಡುತ್ತಿದ್ದೆವಲ್ಲ! ಮಂಗಳೂರಿನ ಕಂಕನಾಡಿ ಮಾರ್ಕೆಟ್ಟಿನಿಂದ ಬರುವಾಗ ಒಂದು ಸ್ಟಾಪ್ ಮುಂಚೆಯೇ ಇಳಿದು, ಮೀನಿನ ಚೀಲ ಹಿಡಿದು, ಬಿಸಿಲಲ್ಲಿ ಏರು ಹತ್ತುವುದು ಅಮ್ಮನ ನಿಯಮ. ಆ ಬಾಯಮ್ಮ ಅವಳ ತಂಗಿ. ನಮ್ಮ ಕ್ರಿಶ್ಚಿಯನ್ ಹೆಂಗಸರನ್ನೆಲ್ಲ ಊರು ಕರೆಯುವುದೇ ಹಾಗೆ. ನಾನು ಹುಟ್ಟುವ ಮೊದಲು ಆಕೆ ನಮ್ಮ ಬಾವಿಯಲ್ಲಿ ಸತ್ತಳು. ಜಾರಿದಳು ಎಂದರು ಮನೆಯವರು. ಹಾರಿದಳು ಎಂದಿತು ಬೀದಿ. ಬಸ್ಸಿನವರಿಗೆ ಹೆಸರೊಂದು ಸಾಕಿತ್ತು.

ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಅಕ್ಕ ಹೋದ ವರ್ಷ ಫೋನಿನಲ್ಲಿ ಅಲ್ಲಿಯ ಬಾಯ್ನ್ ನದಿಯ ಕಥೆ ಹೇಳಿದಳು. ಬೋವನ್ ಎಂಬವಳು ಹತ್ತಿರ ಹೋಗಬಾರದ ಬಾವಿಯೊಂದಕ್ಕೆ ಅಪ್ರದಕ್ಷಿಣೆ ಬಂದಳಂತೆ. ನೀರು ಉಕ್ಕಿ, ಅವಳ ಕಣ್ಣು, ಕೈ, ಕಾಲು ಊನ ಮಾಡಿ, ಸಮುದ್ರದವರೆಗೆ ಅಟ್ಟಿಸಿಕೊಂಡು ಹೋಯಿತು. ಆ ನೀರೇ ನದಿ, ಅವಳ ಹೆಸರೇ ಅದಕ್ಕೆ. ಊರು, ಗುಡ್ಡ, ಹೊಳೆಗೆ ಹೆಸರು ಬಂದ ಬಗೆ ಹೇಳುವುದೇ ಅಲ್ಲಿಯ ಹಳೆಯ ಕವಿಗಳ ಕೆಲಸವಾಗಿತ್ತಂತೆ.

‘ಯಾಕೆ ಹೋದಳು ಅವಳು?’ ಎಂದೆ.

‘ಒಂದು ಕಡೆ ಸೊಕ್ಕಿನಿಂದ ಅಂತ ಉಂಟು. ಇನ್ನೊಂದು ಕಡೆ, ಪರಗಂಡಸಿನ ಜೊತೆ ಸೇರಿದ್ದಳು, ಪಾಪ ತೊಳೆಯಲಿಕ್ಕೆ ಹೋದಳು ಅಂತ. ಎರಡನ್ನೂ ಬರೆದಿಟ್ಟಿದ್ದಾರೆ ಮಾರಾಯ.’

‘ಅವಳನ್ನು ಯಾರೂ ಕೇಳಲಿಲ್ಲವಾ?’

‘ಸತ್ತವಳನ್ನು ಎಂತ ಕೇಳುವುದು? ನಮ್ಮಲ್ಲಿ ಬದುಕಿದ್ದವರನ್ನೇ ಕೇಳಲಿಲ್ಲ.’

ಬಾವಿಯಿದ್ದ ಜಾಗವನ್ನು ನಾವು ಮಾರಿ, ಬಾವಿಗೆ ಮಣ್ಣು ತುಂಬಿ, ಮೇಲೆ ಅಲ್ಲೆದ್ದ ಫ್ಲ್ಯಾಟಿನವರ ಕಾರುಗಳು ನಿಂತು ವರ್ಷಗಳಾದವು. ಸತ್ತವಳ ವಿಳಾಸ ಅವರಿಗೆ ಬೇಡವಾಯಿತು. ಅವರು ಹಾಕಿಸಿದ ಬೋರ್ಡಿನ ಇಂಗ್ಲಿಷ್ ಹೆಸರನ್ನೇ ಬಸ್ಸಿನವರೂ ಕೂಗತೊಡಗಿದರು. ಅಮ್ಮನಿಗೆ ಇನ್ನು ನೆಮ್ಮದಿ ಎಂದುಕೊಂಡಿದ್ದೆ. ಆದರೂ ಅವಳು ಒಂದು ಸ್ಟಾಪ್ ಮುಂಚೆಯೇ ಇಳಿಯುತ್ತಿದ್ದಳು.

ಕಳೆದ ತಿಂಗಳು ಆಸ್ಪತ್ರೆಯಿಂದ ಬರುವಾಗ ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಗಟ್ಟಿಯಾಗಿ ಹೇಳಿದಳು, ‘ಬಾಯಮ್ಮನ ಬಾವಿ, ಎರಡು.’

‘ಅಂಥ ಸ್ಟಾಪ್ ಇಲ್ಲ ಬಾಯಮ್ಮ,’ ಎಂದ ಕಂಡಕ್ಟರ್. ‘ಎಲ್ಲಿ ಉಂಟು ಅದು?’

‘ನನ್ನ ತಂಗಿಯ ಬಾವಿ. ನಿನ್ನ ಅಪ್ಪನಿಗೆ ಗೊತ್ತಿರಬಹುದು, ಕೇಳು.’

‘ಅಪ್ಪ ಸೌದಿಯಲ್ಲಿ. ಫೋನ್ ಮಾಡಿ ಕೇಳಬೇಕಾ? ಬೇಗ ಹೇಳಿ ಬಾಯಮ್ಮ.’

ಹಿಂದಿನ ಸೀಟಿನವರು ನಕ್ಕರು. ನಾನು ಇಂಗ್ಲಿಷ್ ಹೆಸರು ಹೇಳಿ ಟಿಕೆಟ್ ತೆಗೆದುಕೊಂಡೆ. ಅಮ್ಮ ನನ್ನ ಕಡೆ ನೋಡಲಿಲ್ಲ. ಮೊದಲ ಸಲ ಆ ಸ್ಟಾಪಿನಲ್ಲೇ ಇಳಿದು, ಕಾರುಗಳ ಕಡೆ ನೋಡುತ್ತ ನಿಂತಳು. ವಾಚ್‌ಮನ್ ಬಂದು, ಯಾರು ಬೇಕು ಎಂದ.

ಅಷ್ಟು ವರ್ಷ ಅವಳು ಏರು ಹತ್ತಿದ್ದು ನಾಚಿಕೆಯಿಂದಲೋ ದುಃಖದಿಂದಲೋ ನನಗೆ ಗೊತ್ತಿಲ್ಲ. ಚಿಕ್ಕಮ್ಮ ಜಾರಿದಳೋ ಹಾರಿದಳೋ, ಅದೂ ಗೊತ್ತಿಲ್ಲ. ಅಮ್ಮನಿಗಾದರೂ ಗೊತ್ತಿದೆಯೇ ಎಂಬುದೂ ಗೊತ್ತಿಲ್ಲ.