ಡಬ್ಬ ಮೂಸುವ ದೂಜಣ್ಣ

ಬಾಂದ್ರಾದ ಚಾಳಿನ ನಲ್ಲಿಯ ಬಳಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಲ್ಲೊಬ್ಬರು ಖಾಲಿ ಚಿಮಣಿ ಎಣ್ಣೆ ಡಬ್ಬದೊಳಗೆ ತಲೆ ತೂರಿಸಿ ಕುಳಿತಿದ್ದಾರೆ. ಉಸಿರು ಎಳೆದ ಸದ್ದು ತಗಡಿನೊಳಗೆ ಗುಂಯ್ ಎನ್ನುತ್ತದೆ.

"ಏ ದೂಜಣ್ಣ, ಒಳಗೆ ಯಾವ ಪಿಚ್ಚರು? ಬಾಲ್ಕನಿ ಟಿಕೆಟ್ ಉಂಟಾ?" ಹೋಟೆಲ್ ಕೆಲಸಕ್ಕೆ ಹೊರಟ ಪಕ್ಕದ ಖೋಲಿಯ ಮೋನಪ್ಪ ಕಿಚಾಯಿಸುತ್ತಾರೆ.

"ಹೌಸ್‌ಫುಲ್ ಮಾರಾಯ, ನಡಿ ನಡಿ!" ಡಬ್ಬದೊಳಗಿನಿಂದಲೇ ಉತ್ತರ. ಆಮೇಲೆ ತಲೆ ಹೊರಬರುತ್ತದೆ, ಮೂಗು ಸಿಂಡರಿಸುತ್ತದೆ. ಎಣ್ಣೆ ವಾಸನೆ ಹೋಗಿಲ್ಲ, ಡಬ್ಬ ಪಾಸಾಗಲಿಲ್ಲ. ಡಬ್ಬ ಮತ್ತೆ ಬೂದಿಗೆ, ಅಂಟುವಾಳಕಾಯಿ ನೀರಿಗೆ.

ಐವತ್ತರ ಹತ್ತಿರದ ದೂಜಣ್ಣ ಉಡುಪಿ ಕಡೆಯವರು. ವರ್ಷವಿಡೀ ಬಂಗಲೆಗಳ ತೋಟದ ಮಾಲಿ. ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳಿಗೆ ಕ್ರಿಸ್ಮಸ್ ಮರ ಕೊಡುತ್ತಾರೆ. ವಿಲಾಯತಿ ಮರವೇನಲ್ಲ, ಬೊರಿವಲಿಯಾಚೆಯ ಸಮುದ್ರದಂಡೆಯಿಂದ ತಂದ ಗಾಳಿಮರದ ಕೊಂಬೆ. ಚಿಮಣಿ ಎಣ್ಣೆಯ ಖಾಲಿ ಡಬ್ಬಕ್ಕೆ ಒದ್ದೆ ಮರಳು ತುಂಬಿ ನಿಲ್ಲಿಸಿದರೆ ಅದೇ ಮರ, ಅದೇ ಹಬ್ಬ. 1956ರ ಈ ಡಿಸೆಂಬರಿನಲ್ಲಿ ಮೂವತ್ತೊಂದು ಮನೆ. ಡಬ್ಬವೊಂದಕ್ಕೆ ಮೂರು ಸಲ ತೊಳೆಯುವುದು, ಮೂರು ಸಲ ಮೂಸುವುದು.

ಮರ ಇಟ್ಟು ಬಂದರೆ ಮುಗಿಯಲಿಲ್ಲ. ಮನೆಮನೆಯಲ್ಲೂ ಅವರ ಪಾಠ ನಡೆಯುತ್ತದೆ. "ಪರದೆ ಹತ್ರ ಬೇಡ ಬಾಯಮ್ಮ. ಮರಳಿಗೆ ದಿನಾ ಎರಡು ಚೆಂಬು ನೀರು. ಎಲೆ ಮುಟ್ಟಿದ್ರೆ ಉದುರ್ತದಾ? ಹಾಗಾದ್ರೆ ಮೇಣದಬತ್ತಿ ಹಚ್ಚಲೇಬೇಡಿ. ಇಗರ್ಜಿಯ ಪೂಜೆಗೆ ಹೋಗುವಾಗ ಎಲ್ಲ ಆರಿಸಿ. ಹಿಮ ಅಂತ ಹತ್ತಿ ಅಂಟಿಸ್ಬೇಡಿ. ಬಾಂದ್ರಾದಲ್ಲಿ ಎಂತ ಹಿಮ ಮಾರಾಯ್ರೆ, ಬೆವರು ಬರ್ತದೆ ಇಲ್ಲಿ!" ಮನೆಯವರು ನಗುತ್ತಾರೆ. ದೂಜಣ್ಣ ನಗುವುದಿಲ್ಲ. ಮರದ ಪಕ್ಕ ಒಂದು ಬಕೆಟ್ ನೀರು ತಾವೇ ತಂದಿಟ್ಟು ಹೊರಡುತ್ತಾರೆ.

ಐದು ವರ್ಷದ ಹಿಂದೆ ಡಬ್ಬ ತೊಳೆಯುತ್ತಿದ್ದವರು ಅವರ ಹೆಂಡತಿ ಸೇವಂತಿ. ಆ ಸಲ ಇವರಿಗೆ ಅವಸರ. ಕೊನೆಯ ಡಬ್ಬ ತೊಳೆಯದೆ ಉಳಿದಿತ್ತು. "'ವಾಸನೆ ಉಂಟು, ನಿಲ್ಲಿ' ಅಂದ್ಳು. 'ಬಿಡೇ, ಮರಕ್ಕೆ ಮೂಗು ಉಂಟಾ' ಅಂದೆ. ಮರಳು ಸುರಿದೇ ಬಿಟ್ಟೆ," ಎಂದು ಪೇಪರಿಗೆ ಬರೆಯಲು ಬಂದ ನನ್ನೆದುರು ಹೇಳಿಕೊಳ್ಳುತ್ತಾರೆ ದೂಜಣ್ಣ.

ಆ ಮರ ಹೋದದ್ದು ಸೇವಂತಿ ಪಾತ್ರೆ ತೊಳೆಯುತ್ತಿದ್ದ ಮನೆಗೇ, ಮಂಗಳೂರು ಮೂಲದ ಕಾರ್ಮಿನ್ ಬಾಯಿಯವರ ಮನೆಗೆ. ಹಬ್ಬದ ಸಂಜೆ ಒಂದು ಮೇಣದಬತ್ತಿ ಬುಡದ ಹತ್ತಿಯ ಮೇಲೆ ಬಿತ್ತು. ಮರಳಿಗಿಳಿದಿದ್ದ ಎಣ್ಣೆ ಭಗ್ಗೆಂದಿತು. ಆ ಮನೆಯ ಮಕ್ಕಳಿಬ್ಬರು ಗೋಡೆಯ ಮೂಲೆಯಲ್ಲಿ ಸಿಕ್ಕಿಕೊಂಡರು. ಸೇವಂತಿ ಉರಿಯುವ ಮರವನ್ನು ಬರಿಗೈಯಲ್ಲಿ ತಬ್ಬಿ ಅಂಗಳಕ್ಕೆಳೆದರು. ಮಕ್ಕಳು ಉಳಿದರು. ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಸೇವಂತಿ ಹೋದರು.

ಬೆಂಕಿಗೆ ಕಾರಣ ಹತ್ತಿ ಎಂದರು ಎಲ್ಲರೂ. ಹತ್ತಿ ಅಂಟಿಸಿದ್ದು ಕಾರ್ಮಿನ್ ಬಾಯಿ. ಡಬ್ಬದ ಸುದ್ದಿ ಯಾರೂ ಎತ್ತಲಿಲ್ಲ. ಸಿನಿಮಾ ಪರದೆಯ ಮೇಲಾಗಿದ್ದರೆ ನಾಯಕ ಕಟಕಟೆಗೆ ಹಾರಿ, ಎದೆ ಗುದ್ದಿಕೊಂಡು, "ನಾನೇ ಅಪರಾಧಿ, ಮೈ ಲಾರ್ಡ್" ಎನ್ನುತ್ತಿದ್ದ. ದೂಜಣ್ಣನಿಗೆ ಬಾಯಿ ಬರಲಿಲ್ಲ.

"ಆ ಬಾಯಮ್ಮ ನನ್ನ ಪಾಪವನ್ನು ಹೊತ್ಕೊಂಡಿದ್ದಾರೆ. ಐದು ವರ್ಷ ಮನೆಗೆ ಮರ ತರ್ಲಿಲ್ಲ. ಈಗ ಅವರ ಸಣ್ಣ ಮಗಳು ಹಟ ಹಿಡಿದಿದ್ದಾಳಂತೆ, ಹೇಳಿ ಕಳಿಸಿದ್ದಾರೆ. ನೀವು ಇದನ್ನು ಪೇಪರಲ್ಲಿ ಹಾಕಿ. ಆದ್ರೆ ಅದಕ್ಕೆ ಮುಂಚೆ ಅವರಿಗೆ ನಾನೇ ಹೇಳ್ಬೇಕು."

ಬೆಳಗಿನ ಒಂಬತ್ತಕ್ಕೆ ದೂಜಣ್ಣ ಮರ ಹೊತ್ತು ಆ ಮನೆಯ ಮೆಟ್ಟಿಲಲ್ಲಿ ನಿಂತಿದ್ದಾರೆ. ಬಾಗಿಲು ತೆರೆದ ಕಾರ್ಮಿನ್ ಬಾಯಿ, "ಬಾ ದೂಜಾ, ಒಳಗಿಡು," ಎನ್ನುತ್ತಾರೆ. ದೂಜಣ್ಣ ಒಳಗೆ ಕಾಲಿಡುವುದಿಲ್ಲ.

"ಬಾಯಮ್ಮ, ಆವತ್ತು ಡಬ್ಬ ತೊಳೆದಿರ್ಲಿಲ್ಲ. ಎಣ್ಣೆ ಇತ್ತು. ಸೇವಂತಿ ಹೇಳಿದ್ಳು. ನಾನು ಕೇಳ್ಲಿಲ್ಲ."

ಕಾರ್ಮಿನ್ ಬಾಯಿ ಬಾಗಿಲಿನ ಚೌಕಟ್ಟು ಹಿಡಿದುಕೊಳ್ಳುತ್ತಾರೆ.

"ಐದು ವರ್ಷ ದೂಜಾ! ಪ್ರತಿ ಹಬ್ಬಕ್ಕೆ ಪಾದ್ರಿಗಳ ಮುಂದೆ ಮೊಣಕಾಲೂರಿ, 'ನಾನು ಸೇವಂತಿಯನ್ನು ಕೊಂದೆ' ಅಂತ ಹೇಳಿದ್ದೇನೆ. ನಿನಗೆ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

"ಆಗ್ಲಿಲ್ಲ ಬಾಯಮ್ಮ."

ಮರವನ್ನು ಕಾರ್ಮಿನ್ ಬಾಯಿಯೇ ಒಳಗೆಳೆದುಕೊಳ್ಳುತ್ತಾರೆ. ಬಾಗಿಲು ಮುಚ್ಚುತ್ತದೆ. ದೂಜಣ್ಣ ತಲೆಯ ಸಿಂಬಿ ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ. ಇನ್ನೂ ಹದಿನಾಲ್ಕು ಮನೆ ಬಾಕಿ.

"ಬಾಗಿಲು ಹಾಕಿದ್ರು. ಹಾಕ್ಲಿ. ನನ್ನ ಮುಖ ನೋಡುದೇ ಬೇಡ ಅವರು," ಎನ್ನುತ್ತಾ ಮೆಟ್ಟಿಲಿಳಿಯುತ್ತಾರೆ. "ಈ ಸಲ ಇಗರ್ಜಿಗೆ ಹೋದಾಗ ಸೇವಂತಿ ಹೆಸರಲ್ಲಿ ಒಂದು ಪ್ರಾರ್ಥನೆ ಮಾತ್ರ ಮಾಡ್ಲಿ. ಪಾದ್ರಿಗಳ ಮುಂದೆ ತಪ್ಪಾಯ್ತು ಅಂತ ಅವರು ಹೇಳುದು ಬೇಡ. ನಂಗೆ ಅಷ್ಟು ಸಾಕು."