ಎಡಗಡೆಯ ಬಾಗಿಲು

ಸಿರಿಲ್ ಟ್ರಾಂಟರ್‌ಗೆ ಕರುಣೆ ಎಂಬುದು ಇರಲಿಲ್ಲ. ಕೆಟ್ಟ ಕೆಲಸವನ್ನು ಚೆನ್ನಾಗಿದೆ ಎಂದು ಅವನು ಜೀವಮಾನದಲ್ಲಿ ಒಮ್ಮೆಯೂ ಹೇಳಿದವನಲ್ಲ. ಎದುರಿಗಿರುವವರು ಹೆಂಡತಿಯಾಗಲಿ, ಪಾದ್ರಿಯಾಗಲಿ, ಸ್ವಂತ ಮಗನಾಗಲಿ, ಒಂದೇ ಮಾತು. ಕೊವೆಂಟ್ರಿಯ ಹಾರ್ನ್‌ಬೀಮ್ ರಸ್ತೆಯವರು ಇದನ್ನು ಪ್ರಾಮಾಣಿಕತೆ ಎನ್ನುತ್ತಿದ್ದರು, ಏಕೆಂದರೆ ಅವರು ಯಾರೂ ಅವನ ಮನೆಯೊಳಗೆ ಬಾಳಬೇಕಾಗಿರಲಿಲ್ಲ. ಅವನ ಸೊಸೆ ಗ್ಲೆನಿಸ್ ಅದಕ್ಕೆ ಬೇರೆ ಹೆಸರು ಇಟ್ಟಿದ್ದಳು.

ಊರಿನ ಒಂದು ದೊಡ್ಡ ಕಾರು ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವುದು ಅವನ ಕೆಲಸವಾಗಿತ್ತು. ಮೀಸೆ ಮೂಡುವ ಮೊದಲೇ ಸೇರಿದವನು ಗೇಟಿಗೆ ಬೀಗ ಬೀಳುವವರೆಗೂ ಕಾರು ಜೋಡಿಸುವ ಅದೇ ಸಾಲಿನಲ್ಲಿ ನಿಂತಿದ್ದ. ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದರೆ ಸಾಕು, ಕಿವಿಯಲ್ಲೇ ತೀರ್ಪು ಸಿದ್ಧವಾಗುತ್ತಿತ್ತು. ಒಪ್ಪಿಗೆಯಾಗದ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆಯುತ್ತಿದ್ದ. ಗೆರೆ ಬಿದ್ದ ಕಾರು ಹಿಂದಕ್ಕೆ ಹೋಗಬೇಕು, ಅದು ಹಿಂದಕ್ಕೆ ಹೋದರೆ ಇಡೀ ಸಾಲಿನ ಕೆಲಸ ನಿಲ್ಲಬೇಕು. ಹಾಗಾಗಿ ಸಂಜೆ ಕ್ಲಬ್ಬಿನಲ್ಲಿ ಅವನ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ಹಳಬರಿಗೆಲ್ಲ ಒಂದೊಂದು ಗಡಿಯಾರ ಕೊಟ್ಟರು. ಸಿರಿಲ್ ವೇದಿಕೆಯ ಮೇಲೆಯೇ ಗಡಿಯಾರದ ಪುಟ್ಟ ಗಾಜಿನ ಬಾಗಿಲನ್ನು ತೆರೆದು ಮುಚ್ಚಿ ನೋಡಿ, "ಕೀಲು ಸಡಿಲ," ಎಂದು ಅದನ್ನು ವಾಪಸು ಕೊಟ್ಟು ಇಳಿದು ಬಂದ. ಕೈಕುಲುಕಲೆಂದು ಮ್ಯಾನೇಜರು ಚಾಚಿದ್ದ ಕೈ ಹಾಗೇ ಉಳಿಯಿತು.

ಅವನ ಹೆಂಡತಿ ಎಡ್ನಾ ಭಾನುವಾರದ ಊಟವನ್ನು ಮೇಜಿಗೆ ತರುವಾಗ ತಪ್ಪುಗಳನ್ನು ತಾನೇ ಮೊದಲು ಒಪ್ಪಿಸಿಬಿಡುತ್ತಿದ್ದಳು. "ಮಾಂಸ ಒಂಚೂರು ಒಣಗಿದೆ, ಆಲೂಗಡ್ಡೆ ಒಂದು ಕಡೆ ಸೀದಿದೆ." ಅವನಿಗೆ ಹೇಳಲು ಏನೂ ಉಳಿಯದಿರಲಿ ಎಂಬುದು ಅವಳ ಲೆಕ್ಕಾಚಾರ. "ಗ್ರೇವಿ ತಣ್ಣಗಾಗಿದೆ," ಎಂದು ಅವನು ಉಳಿದದ್ದನ್ನು ಹೇಳುತ್ತಿದ್ದ. ಹೀಗೇ ಮೂವತ್ತು ಚಿಲ್ಲರೆ ವರ್ಷ ಬಾಳಿ ಅವಳು ತೀರಿಕೊಂಡಳು.

ಒಬ್ಬನೇ ಮಗ ಕೀತ್. ಚಿಕ್ಕವನಿದ್ದಾಗ ಶಾಲೆಯಲ್ಲಿ ಒಂದು ಮರದ ಪೆಟ್ಟಿಗೆ ಮಾಡಿ ಅಪ್ಪನ ಹುಟ್ಟುಹಬ್ಬಕ್ಕೆ ತಂದುಕೊಟ್ಟಿದ್ದ. ಸಿರಿಲ್ ಹೆಬ್ಬೆರಳಿನ ಉಗುರನ್ನು ಮೂಲೆಯ ಸಂದಿನ ಮೇಲೆ ಓಡಿಸಿ, "ಉಗುರು ಒಳಗೆ ಹೋಗುತ್ತೆ," ಎಂದು ಪೆಟ್ಟಿಗೆಯನ್ನು ಹಿಂದಕ್ಕೆ ಕೊಟ್ಟ. ಎಡ್ನಾ ಅದರಲ್ಲಿ ಗುಂಡಿಗಳನ್ನು ಹಾಕಿಟ್ಟುಕೊಂಡಳು. ಕೀತ್ ಆಮೇಲೆ ಉಳಿ ಸುತ್ತಿಗೆ ಮುಟ್ಟಲಿಲ್ಲ. ನಗರಸಭೆಯ ಕಚೇರಿಯಲ್ಲಿ ಗುಮಾಸ್ತನಾದ, ಗ್ಲೆನಿಸ್‌ಳನ್ನು ಮದುವೆಯಾದ, ಮಕ್ಕಳಾಗಲಿಲ್ಲ. ನಲವತ್ತು ದಾಟಿದ ಮೇಲೆ, ಯಾರೂ ನಿರೀಕ್ಷಿಸದಿದ್ದಾಗ, ಎರಡು ಸೀಟಿನ ಹಳೆಯ ಹಸಿರು ಸ್ಪೋರ್ಟ್ಸ್ ಕಾರೊಂದನ್ನು ಮನೆಗೆ ತಂದ.

ಎಂಜಿನ್ನು ಚೆನ್ನಾಗಿತ್ತು. ಬಾಗಿಲುಗಳ ಗಾಜುಗಳು ಮಾತ್ರ ಹಲ್ಲು ಕಡಿಯುವ ಹಾಗೆ ಗಟಗಟ ಸದ್ದು ಮಾಡುತ್ತಿದ್ದವು. ಕೀತ್ ಅಪ್ಪನನ್ನು ಕೇಳಿದ. ಮೊದಲು ತಮಾಷೆಯಾಗಿ ಕೇಳಿದ, ಆಮೇಲೆ ನಿಜವಾಗಿಯೂ ಕೇಳಿದ.

"ಕೊಳ್ಳೋಕೆ ಮುಂಚೆ ನನ್ನ ಕೇಳಿದ್ಯಾ?" ಎಂದ ಸಿರಿಲ್. "ಈಗ ಮಾತ್ರ ಅಪ್ಪ ಬೇಕು. ಸದ್ದು ಕೇಳ್ಕೊಂಡೇ ಓಡಾಡು."

ಫೆಬ್ರವರಿಯಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕೀತ್‌ನ ಹೃದಯ ನಿಂತುಹೋಯಿತು. ಶವದ ಗಾಡಿ ಚರ್ಚಿನ ಮುಂದೆ ಬಂದು ನಿಂತಾಗ ಸಿರಿಲ್ ಅದರ ಹಿಂದೆ ನಿಂತು, "ಬಾಗಿಲು ಒಂದು ಮೂಲೆ ಇಳಿದಿದೆ," ಎಂದ. ಮೆಲ್ಲಗೇ ಹೇಳಿದ, ಆದರೆ ಪಕ್ಕದಲ್ಲಿದ್ದ ಗ್ಲೆನಿಸ್‌ಗೆ ಕೇಳಿಸಿತು. ಅವಳು ಅವತ್ತೇ ನಿರ್ಧರಿಸಿದಳು, ಈ ಮನುಷ್ಯನ ಜೊತೆ ಇನ್ನು ಮಾತಿಲ್ಲ.

ಆದರೆ ಮಾತಾಡಬೇಕಾಗಿ ಬಂತು. ಅವಳು ಮನೆ ಬಿಟ್ಟು ಸ್ವಾನ್ಸಿಯಲ್ಲಿದ್ದ ಅಕ್ಕನ ಮನೆಗೆ ಹೊರಟಿದ್ದಳು. ಅಕ್ಕನ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ಗ್ಲೆನಿಸ್‌ಗೆ ಕಾರು ಓಡಿಸಲು ಬರುವುದೂ ಇಲ್ಲ. ಹಾಗಾಗಿ ಕೀತ್‌ನ ಕಾರನ್ನು ಮಾರಬೇಕಿತ್ತು. ನೋಡಲು ಬಂದವರಲ್ಲಿ ಕೊಳ್ಳಲು ಮನಸ್ಸು ಮಾಡಿದವರು ಒಬ್ಬರೇ, ಲೆಮಿಂಗ್ಟನ್ನಿನ ನಿವೃತ್ತ ಮೇಷ್ಟ್ರು ಮಿಸ್ಟರ್ ಆಲ್ಡಿಸ್. ಅವರೂ ಒಂದು ಮಾತು ಹೇಳಿ ಹೋಗಿದ್ದರು: "ಕಿಟಕಿ ಸದ್ದು ನಿಲ್ಲಬೇಕಮ್ಮ. ಈ ವಯಸ್ಸಿನಲ್ಲಿ ಅದನ್ನ ಸಹಿಸಲಾರೆ. ಭಾನುವಾರ ಬರ್ತೀನಿ." ಊರಿನ ಗ್ಯಾರೇಜುಗಳಲ್ಲಿ ಅಷ್ಟು ಬೇಗ ಮಾಡಿಕೊಡುವವರು ಸಿಗಲಿಲ್ಲ. ಗ್ಲೆನಿಸ್ ಫೋನೆತ್ತಿದಳು.

"ನಾನು, ಗ್ಲೆನಿಸ್."

"ಗೊತ್ತಾಯ್ತು. ಏನು ಕೆಟ್ಟಿದೆ?"

"ಕಾರಿನ ಕಿಟಕಿ."

"ಅದು ತಂದ ದಿನದಿಂದ ಕೆಟ್ಟಿದೆ."

"ಬರ್ತೀರೋ ಇಲ್ವೋ, ಸಿರಿಲ್?" ಮದುವೆಯಾದಾಗಿನಿಂದ ಅವಳು ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಅಪ್ಪ ಎನ್ನು ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

"ಶನಿವಾರ ಬರ್ತೀನಿ. ಟೀ ಸ್ವಲ್ಪ ಗಟ್ಟಿಯಾಗಿರಲಿ."

ಶನಿವಾರ ಅವನು ಉಪಕರಣಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಕೋಟು ಕಳಚಿ ಮಡಚಿ ಅಂಗಳದ ಗಿಡ್ಡ ಗೋಡೆಯ ಮೇಲಿಟ್ಟ. ಟೋಪಿ ಮಾತ್ರ ತೆಗೆಯಲಿಲ್ಲ. ಮೊದಲು ಬಲಗಡೆಯ ಬಾಗಿಲು, ಓಡಿಸುವವನ ಕಡೆಯದು. ಗಾಜು ಏರಿಸಿಳಿಸುವ ಹಿಡಿಯನ್ನು ಬಿಚ್ಚಿ, ಒಳಗಿನ ಹಲಗೆಯನ್ನು ಒಂದೊಂದೇ ಕ್ಲಿಪ್ಪು ಸಡಿಲಿಸಿ ಈಚೆ ತೆಗೆದ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಗಳು ಕಲ್ಲಾಗಿದ್ದವು. ಗಾಜು ಜಾರುವ ಕಬ್ಬಿಣದ ಕಾಲುವೆಯಲ್ಲಿ ಸದ್ದಾಗದಂತೆ ಹಾಸಿದ್ದ ಉಣ್ಣೆ ಸವೆದು ನೂಲಾಗಿತ್ತು. ಅವನು ಹಳೆಯದನ್ನೆಲ್ಲ ಕೆರೆದು ತೆಗೆದು, ಹೊಸ ರಬ್ಬರನ್ನೂ ಉಣ್ಣೆ ಪಟ್ಟಿಯನ್ನೂ ಕೂರಿಸಿ, ಗಾಜನ್ನು ಅರ್ಧಕ್ಕೆ ಏರಿಸಿ ನಿಲ್ಲಿಸಿದ.

ಬೇಲಿಯಾಚೆಯಿಂದ ಪಕ್ಕದ ಮನೆಯ ಡಾಟ್ ಪಿನ್‌ಫೋಲ್ಡ್ ಇಣುಕಿದಳು. "ಏನ್ರೀ ಸಿರಿಲ್, ಹಾಗೇ ನಮ್ಮ ಗೇಟನ್ನೂ ಸ್ವಲ್ಪ ನೋಡ್ಬಾರ್ದಾ?"

"ಬರೋವಾಗ ನೋಡ್ದೆ ಡಾಟ್. ಒಲೆಗೆ ಆಗುತ್ತೆ."

"ಕಾರಿಗೆ ಹಾಕಿ ಮಿಕ್ಕಿದ್ರೆ ಒಂದು ರಬ್ಬರ್ ಪಟ್ಟಿ ನಿಮ್ಮ ಬಾಯಿಗೂ ಹಾಕ್ಕೊಳ್ಳಿ."

"ಬಾಯಿ ಸರಿಯಾಗೇ ಇದೆ. ಕೇಳೋರ ಕಿವಿ ಮೆತ್ತಗಾಗಿದೆ."

ಅವಳು ನಗುತ್ತಾ ಒಳಗೆ ಹೋದಳು. ಗ್ಲೆನಿಸ್ ನಗಲಿಲ್ಲ. ಅವಳ ಕಣ್ಣು ಎಡಗಡೆಯ ಬಾಗಿಲಿನ ಮೇಲಿತ್ತು.

ಆ ಬಾಗಿಲನ್ನು ಕೀತ್ ರಿಪೇರಿ ಮಾಡಿದ್ದ. ಹೋದ ಬೇಸಿಗೆಯಲ್ಲಿ, ಅಪ್ಪನನ್ನು ಕೇಳಿ ಕೇಳಿ ಸಾಕಾದ ಮೇಲೆ, ಲೈಬ್ರರಿಯಿಂದ ಒಂದು ಪುಸ್ತಕ ತಂದು, ಭಾನುವಾರಗಳನ್ನೆಲ್ಲ ಅದಕ್ಕೇ ಇಟ್ಟ. ಅವಳು ಕೂರುವ ಕಡೆಯಿಂದಲೇ ಶುರು ಮಾಡಿದ. ಬೆರಳು ಕೊಯ್ದುಕೊಂಡ, ಒಂದು ಸ್ಕ್ರೂ ಬಾಗಿಲೊಳಗೆ ಬಿದ್ದು ಸಿಗದೆ ಇಡೀ ಮಧ್ಯಾಹ್ನ ಹುಡುಕಿದ. ಕೊನೆಗೆ ಅವಳನ್ನು ಕೂರಿಸಿಕೊಂಡು ಕೆನಿಲ್ವರ್ತ್ ರಸ್ತೆಯಲ್ಲಿ ಹೊರಟ. "ಕೇಳಿಸ್ತಿದ್ಯಾ?" ಎಂದ. ತನ್ನ ಕಡೆಯ ಗಾಜಿನ ಸದ್ದಿನಲ್ಲಿ ಅವನಿಗೆ ತಿಳಿಯುತ್ತಿರಲಿಲ್ಲ, ಆದರೆ ಅವಳ ಕಡೆಯ ಗಾಜು ಮೊದಲಿನ ಹಾಗೇ ಗಟಗಟಿಸುತ್ತಿತ್ತು. ಅವಳು ಮೊಣಕೈಯನ್ನು ಗಾಜಿಗೆ ಒತ್ತಿ ಹಿಡಿದು, "ಇಲ್ಲಪ್ಪ, ನಿಂತೇ ಹೋಯ್ತು," ಎಂದಳು. ಅವನು ವಾಪಸು ಬರುವವರೆಗೂ ಶಿಳ್ಳೆ ಹಾಕುತ್ತಾ ಬಂದ. ಅಲ್ಲಿಂದಾಚೆಗೆ ಆ ಕಾರಿನಲ್ಲಿ ಕೂತಾಗಲೆಲ್ಲ ಅವಳ ಮೊಣಕೈ ಗಾಜಿನ ಮೇಲೇ ಇರುತ್ತಿತ್ತು. ಕೀತ್ ಸಾಯುವಾಗ ಆ ಬಾಗಿಲು ಸರಿಯಾಗಿದೆ ಎಂದು ನಂಬಿಯೇ ಸತ್ತ.

ಕಾರು ಮಾರಾಟವಾಗದಿದ್ದರೆ ತೊಂದರೆಯೇ, ಆದರೆ ಅದನ್ನು ಅವಳು ಹೇಗಾದರೂ ತಾಳಿಕೊಳ್ಳುತ್ತಿದ್ದಳು. ಆ ಹಲಗೆ ಬಿಚ್ಚಿ ಸಿರಿಲ್ ಹೇಳಬಹುದಾದ ಮಾತನ್ನು ಮಾತ್ರ ಅವಳು ತಾಳಿಕೊಳ್ಳಲಾರಳು.

ಬಲಗಡೆಯ ಬಾಗಿಲು ಮುಗಿಯಿತು. ಸಿರಿಲ್ ಅದನ್ನು ತೆರೆದು ಮುಚ್ಚಿದ. ದಪ್ಪ ಪುಸ್ತಕವನ್ನು ಮಡಚಿದಷ್ಟೇ ಸದ್ದು. ಅವನು ಪೆಟ್ಟಿಗೆಯನ್ನೆತ್ತಿಕೊಂಡು ಈಚೆ ಬಂದ.

"ಆ ಬಾಗಿಲು ಬೇಡ ಬಿಡಿ, ಅದು ಸರಿ ಇದೆ," ಎಂದಳು ಗ್ಲೆನಿಸ್.

"ಸರಿ ಇದೆ ಅಂತ ಯಾರಂದ್ರು?"

"ಅದನ್ನ ಕೀತ್ ಮಾಡಿದ್ದಾನೆ."

"ಹಾಗಾದ್ರೆ ನೋಡ್ಲೇಬೇಕು."

ಒಳಗೆ ಫೋನು ಬಡಿದುಕೊಂಡಿತು. ಸ್ವಾನ್ಸಿಯಿಂದ ಅಕ್ಕ, ಪರದೆಗಳ ಅಳತೆ ಕೇಳುತ್ತಿದ್ದಳು. ಗ್ಲೆನಿಸ್ ಏನೋ ಒಂದು ಅಳತೆ ಹೇಳಿ ಹೊರಗೆ ಓಡಿ ಬರುವ ಹೊತ್ತಿಗೆ ಹಲಗೆ ನೆಲದ ಮೇಲಿತ್ತು. ಸಿರಿಲ್ ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕೂತು ಬಾಗಿಲೊಳಗೆ ನೋಡುತ್ತಿದ್ದ.

ನೋಡಲು ಅದು ಅಂದವಾಗಿರಲಿಲ್ಲ. ಉಣ್ಣೆ ಪಟ್ಟಿಯ ಬದಲು ಕೀತ್ ಕಾರ್ಪೆಟ್ಟಿನ ಅಡಿಗೆ ಹಾಕುವ ಹಾಸನ್ನು ತುಂಡು ತುಂಡಾಗಿ ಕತ್ತರಿಸಿ, ಹಳೆಯದರ ಮೇಲೆಯೇ ಅಂಟಿಸಿದ್ದ. ಅಂಟು ಗಾಜಿನ ಅಂಚಿಗೂ ಇಳಿದು ಒಣಗಿತ್ತು. ಒಂದು ರಬ್ಬರ್ ಪಟ್ಟಿ ತಿರುವು ಮುರುವಾಗಿತ್ತು. ಕಾಲುವೆಯನ್ನು ಹಿಡಿದಿಡುವ ಮೇಲಿನ ಬೋಲ್ಟಿನ ಪಕ್ಕದಲ್ಲಿ, ತಗಡಿನ ಮೇಲೆ, ಪೆನ್ಸಿಲಿನ ಗೆರೆಗಳು. ಒಂದರ ಪಕ್ಕ ಒಂದು, ಅಷ್ಟೂ ಅಚ್ಚುಕಟ್ಟು. ಪ್ರತಿ ಸಲ ಬೋಲ್ಟನ್ನು ಇಷ್ಟಿಷ್ಟೇ ಸರಿಸಿ, ಸದ್ದು ನಿಲ್ಲಲಿಲ್ಲವೆಂದು ಮತ್ತೆ ಸರಿಸಿ, ಗುರುತು ಹಾಕಿಕೊಂಡಿದ್ದ ಗುಮಾಸ್ತನ ಕೈಯ ಗೆರೆಗಳು.

ಸಿರಿಲ್ ಆ ಗೆರೆಗಳ ಮೇಲೆ ಬೆರಳಿಟ್ಟ.

"ಕೆಳಗಿನ ಬೋಲ್ಟು ಸಡಿಲ ಮಾಡೇ ಇಲ್ಲ," ಎಂದ. "ಅದು ಬಿಗಿಯಾಗಿದ್ರೆ ಮೇಲಿನದನ್ನ ಎಷ್ಟು ತಿರುಗಿಸಿದ್ರೂ ಕಾಲುವೆ ಅಲ್ಲಾಡಲ್ಲ."

"ಅದನ್ನ ಅವನಿಗೆ ಯಾರು ಹೇಳಿಕೊಡಬೇಕಿತ್ತು?" ಎಂದಳು ಗ್ಲೆನಿಸ್.

ಅವನು ಬೆರಳನ್ನು ಕೊನೆಯ ಗೆರೆಯವರೆಗೂ ಸರಿಸಿದ. ಗೋಡೆಯ ಮೇಲಿಟ್ಟಿದ್ದ ಟೀ ತಣ್ಣಗಾಗಿ ಕೆನೆ ಕಟ್ಟಿತ್ತು. ಆಮೇಲೆ ಕೇಳಿದ, "ಇದು ನಿಂತಿತ್ತಾ, ಸದ್ದು?"

"ಇಲ್ಲ."

"ಅವನಿಗೆ ಏನಂದೆ?"

"ನಿಂತಿದೆ ಅಂದೆ."

"ಸುಳ್ಳು ಹೇಳ್ದೆ."

"ಹೂಂ. ಹೇಳ್ದೆ. ನಿಮ್ಮ ಮನೇಲಿ ಯಾರಾದ್ರೂ ಒಬ್ರು ಹೇಳಬೇಕಿತ್ತಲ್ಲ."

ಸಿರಿಲ್ ಬಗ್ಗಿ ಹಲಗೆಯನ್ನು ಎತ್ತಿಕೊಂಡ. ಕ್ಲಿಪ್ಪುಗಳನ್ನು ರಂಧ್ರಕ್ಕೆ ಸರಿಯಾಗಿ ಹೊಂದಿಸಿ, ಅಂಗೈಯಿಂದ ಒಂದೊಂದನ್ನೇ ಒತ್ತಿ ಕೂರಿಸಿದ. ಒಳಗಿನ ಯಾವುದನ್ನೂ ಮುಟ್ಟಿರಲಿಲ್ಲ. ಹಿಡಿಯನ್ನು ಮತ್ತೆ ಸಿಕ್ಕಿಸಿ, ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕತೊಡಗಿದ.

"ಅದನ್ನ ಸರಿ ಮಾಡಲ್ವಾ?" ಎಂದಳು ಗ್ಲೆನಿಸ್.

"ಈ ಬಾಗಿಲಿಗೆ ನಾನು ಕೈ ಹಾಕಲ್ಲ."

"ನಾಳೆ ಅವರು ಬರ್ತಾರೆ, ಸಿರಿಲ್. ಬಂದು ಮೊದಲು ನೋಡೋದೇ ಇದನ್ನ."

"ನಾನೂ ಬರ್ತೀನಿ. ಕೆಲಸ ಒಪ್ಪಿಸೋವಾಗ ಕೂರಿಸಿದವನು ಪಕ್ಕದಲ್ಲಿರಬೇಕು."

ಕೋಟು ಹಾಕಿಕೊಂಡು ಅವನು ಬಸ್ಸಿಗೆ ಹೋದ. ಗ್ಲೆನಿಸ್‌ಗೆ ಅವನ ಉದ್ದೇಶ ಅರ್ಥವಾಯಿತು. ಬಲಗಡೆ ಅಪ್ಪನ ಬಾಗಿಲು, ಎಡಗಡೆ ಮಗನ ಬಾಗಿಲು. ಎರಡನ್ನೂ ತೆರೆದು ಮುಚ್ಚಿ ತೋರಿಸಿದರೆ ಮುಗಿಯಿತು. ಮಗ ಸತ್ತ ಮೇಲೂ, ಕೀತ್ ಹೇಳುತ್ತಿದ್ದ ಆ ಮರದ ಪೆಟ್ಟಿಗೆಯ ಹಾಗೆ, ಅವನ ಕೆಲಸವನ್ನು ಹಿಂದಕ್ಕೆ ಕೊಡಲು ಹೊರಟಿದ್ದಾನೆ, ಅದೂ ಪರರ ಎದುರಿಗೆ. ತಾನೇ ಆ ಹಲಗೆ ಬಿಚ್ಚಿ ಒಳಗಿನದನ್ನೆಲ್ಲ ಕಿತ್ತು ಎಸೆಯಲೇ ಎಂದುಕೊಂಡಳು. ಸ್ಕ್ರೂಡ್ರೈವರ್ ಹಿಡಿದು ಕಾರಿನವರೆಗೂ ಹೋದಳು. ಪೆನ್ಸಿಲ್ ಗೆರೆಗಳು ನೆನಪಾಗಿ ವಾಪಸು ಬಂದಳು.

ಭಾನುವಾರ ಚರ್ಚು ಬಿಟ್ಟ ಸ್ವಲ್ಪ ಹೊತ್ತಿಗೆ ಮಿಸ್ಟರ್ ಆಲ್ಡಿಸ್ ಬಂದರು. ಸಿರಿಲ್ ಆಗಲೇ ಬಂದು ಗೋಡೆಗೊರಗಿ ನಿಂತಿದ್ದ. ಆಲ್ಡಿಸ್ ಒಬ್ಬರೇ ಕಾರನ್ನು ತೆಗೆದುಕೊಂಡು ಹೋಗಿ ಬಡಾವಣೆಯ ಸುತ್ತ ಒಂದು ಸುತ್ತು ಹೊಡೆದು ಬಂದರು. ಇಳಿದು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಬಲಗಡೆಯ ಬಾಗಿಲನ್ನು ಮುಚ್ಚಿ, ಮತ್ತೆ ತೆರೆದು ಮುಚ್ಚಿದರು.

"ಬ್ಯಾಂಕಿನ ತಿಜೋರಿ ಹಾಗಿದೆ," ಎಂದರು. "ಈ ಕೆಲಸ ಯಾರದ್ದು?"

"ನಂದು," ಎಂದ ಸಿರಿಲ್.

"ನಿಮ್ಮ ವಿಷಯ ನಾನು ಕೇಳಿದ್ದೀನಿ ಮಿಸ್ಟರ್ ಟ್ರಾಂಟರ್. ಕಾರ್ಖಾನೇಲಿದ್ದ ನಮ್ಮ ಭಾವಮೈದ ನಿಮ್ಮ ಸೀಮೆಸುಣ್ಣಕ್ಕೆ ಹೆದರಿಕೊಂಡು ಸಾಯ್ತಿದ್ದ."

"ಹೆದರೋ ಹಾಗೇ ಕೆಲಸ ಮಾಡ್ತಿದ್ನೇನೋ."

ಆಲ್ಡಿಸ್ ನಗುತ್ತಾ ಕಾರನ್ನು ಬಳಸಿ ಈಚೆ ಬಂದರು. ಗ್ಲೆನಿಸ್ ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯನ್ನು ಹಿಂಡಿ ಹಿಡಿದಳು. ಅವರು ಎಡಗಡೆಯ ಬಾಗಿಲನ್ನು ತೆರೆದು ಮುಚ್ಚಿದರು. ಗಾಜು ಗಟಗಟ ಎಂದಿತು.

"ಓಡಿಸೋವಾಗಲೂ ಎಲ್ಲೋ ಕೇಳಿಸ್ತಿತ್ತು, ಇಲ್ಲೇ ಇರಬೇಕು," ಎಂದರು. "ಈ ಕಡೆ ಇನ್ನೂ ಅಲ್ಲಾಡ್ತಿದೆಯಲ್ಲ?"

"ಅದು ನನ್ನ ಮಗ ಮಾಡಿದ ಬಾಗಿಲು," ಎಂದ ಸಿರಿಲ್.

ಗ್ಲೆನಿಸ್ ಕಣ್ಣು ಮುಚ್ಚಿಕೊಂಡಳು.

"ಅದರಲ್ಲಿ ಕೊರತೆ ಏನೂ ಇಲ್ಲ."

ಆಲ್ಡಿಸ್ ಅವನ ಮುಖ ನೋಡಿದರು. ತಪ್ಪು ಕೇಳಿಸಿಕೊಂಡೆನೇನೋ ಎಂಬಂತೆ ಬಾಗಿಲನ್ನು ಇನ್ನೊಮ್ಮೆ ತೆರೆದು, ಈ ಸಲ ಸ್ವಲ್ಪ ಜೋರಾಗಿಯೇ ಮುಚ್ಚಿದರು. ಗಾಜು ಇನ್ನೂ ಉದ್ದಕ್ಕೆ ಗಟಗಟಿಸಿ ನಿಂತಿತು. "ಕೇಳಿಸಲಿಲ್ವಾ ನಿಮಗೆ?"

"ಇಲ್ಲ."

ಆಲ್ಡಿಸ್ ಗ್ಲೆನಿಸ್ ಕಡೆ ತಿರುಗಿದರು. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚತೊಡಗಿದಳು. ಅವರು ಅವಳನ್ನೂ ಮುದುಕನನ್ನೂ ಸ್ವಲ್ಪ ಹೊತ್ತು ನೋಡಿ, ಬಾನೆಟ್ಟಿನ ಮೇಲಿದ್ದ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು. "ನೀವು ಹೇಳಿದ ಮೇಲೆ ಸರಿ," ಎಂದರು.

ಸಿರಿಲ್ ಗೋಡೆ ಬಿಟ್ಟು ಮುಂದೆ ಬಂದ. ಎಡಗಡೆಯ ಬಾಗಿಲನ್ನು ತಾನೇ ತೆರೆದು, ತಾನೇ ಮುಚ್ಚಿದ. ಗಾಜು ಗಟಗಟ ಎಂದಿತು.

"ಚೆನ್ನಾಗಿ ಮಾಡಿದ್ದಾನೆ," ಎಂದ.