ಸುಣ್ಣದ ಗುರುತಿನ ಕಲ್ಲುಗಳು

ರಸ್ತೆಯವರು ಬಂದು ಅಳತೆ ಹಾಕುವ ಹಿಂದಿನ ದಿನ ನಾನು ತವರಿನಲ್ಲಿದ್ದೆ. ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ನಮ್ಮ ಮನೆ, ಎದುರಿಗೆ ಕಲ್ಲಿನ ಛತ್ರ. ಅಪ್ಪ ಎಂದಿನಂತೆ ಛತ್ರದ ನೆಲ ತೊಳೆದು, ಹಂಡೆಗೆ ಕುಡಿಯುವ ನೀರು ತುಂಬಿ, ಗೂಡಿನ ದೀಪಕ್ಕೆ ಎಣ್ಣೆ ಬಿಟ್ಟಿದ್ದರು. ಚಂದ್ರಗುತ್ತಿಗೆ ಹೊರಟ ಒಂದು ಕುಟುಂಬ ಒಳಗೆ ಒಲೆ ಹೂಡಿತ್ತು. ಜಗಲಿಯ ಮೇಲೆ ಮಲಗಿದ್ದ ಬಳೆ ಮಾರುವವನು ಎದ್ದು ಕೂತ.

“ನಿಮ್ಮ ಛತ್ರದಾಗೆ ಬರೋ ನಿದ್ದೆ ನನ್ ಮನೇಲಿ ಬರಲ್ಲ ನೋಡ್ರೀ ಯಜಮಾನ್ರೇ.”

“ಮನೇಲಿ ಕೆಲ್ಸ ಹೇಳೋರು ಇರ್ತಾರೆ, ಎಲ್ಲಿಂದ ಬರ್ತೈತೆ,” ಅಂದರು ಅಪ್ಪ.

ಒಲೆಯ ಮುಂದಿದ್ದ ಮುದುಕಿ ತಿರುಗಿಯೂ ನೋಡದೆ, “ಇವನು ಊರೂರು ತಿರುಗೋವಾಗ ಹೆಂಡ್ತಿ ಎಷ್ಟು ಸುಖವಾಗಿ ಮಲಗ್ತಾಳೋ, ಅದನ್ನೂ ಕೇಳ್ರಿ” ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಆ ಛತ್ರ ಯಾವ ಕಾಲದ್ದೋ ಯಾರಿಗೂ ಗೊತ್ತಿರಲಿಲ್ಲ. ಅದರ ಕಲ್ಲುಗಳ ಮೇಲೆ ಕೆತ್ತಿದ ಒಂದು ಅಕ್ಷರವೂ ಇರಲಿಲ್ಲ. ಅಪ್ಪ ತಮ್ಮ ಅಜ್ಜನಿಂದ ಕೇಳಿದ್ದು ಇಷ್ಟು: ದಾರಿಹೋಕ ಬಸುರಿಯೊಬ್ಬಳು ಮಳೆಯಲ್ಲಿ, ಮರದ ಬುಡದಲ್ಲಿ ಹೆತ್ತಳಂತೆ. ಮಗು ಉಳಿಯಲಿಲ್ಲ. ಅದಾದ ಮೇಲೆ ಊರವರು, ಸಂತೆಗೆ ಬರುವ ಪ್ರತಿ ಬಂಡಿಯೂ ಒಂದು ಕಲ್ಲು ತರಬೇಕೆಂದು ಗೊತ್ತು ಮಾಡಿದರು. ಬಂಡಿ ಇಲ್ಲದವರು ತಲೆಯ ಮೇಲೆ ಹೊತ್ತು ತಂದರು. ಅದಕ್ಕೇ ಒಂದು ಕಲ್ಲಿನ ಹಾಗೆ ಇನ್ನೊಂದಿರಲಿಲ್ಲ. ಕರಿಯದು, ಕೆಂಪಗಿನದು, ಉದ್ದದ್ದು, ಮೊಂಡು, ಎಲ್ಲವೂ ಒಂದರ ಸಂದಿಗೆ ಇನ್ನೊಂದು ಕೂತು ಗೋಡೆಯಾಗಿದ್ದವು. ದಾನ ಕೊಟ್ಟ ಕಲ್ಲು, ಅದಕ್ಕೆ ಮತ್ತೆ ಉಳಿ ತಾಗಿಸಬಾರದು ಎಂಬುದು ಆಗಿನಿಂದ ನಡೆದುಬಂದ ಕಟ್ಟುಪಾಡು. ಎತ್ತು ಕಟ್ಟಲು ಗೋಡೆಗೆ ಒಂದು ಗೂಟವನ್ನೂ ಯಾರೂ ಬಡಿಯುತ್ತಿರಲಿಲ್ಲ. ಎದುರು ಮನೆಯವರೆಂಬ ಒಂದೇ ಕಾರಣಕ್ಕೆ ಛತ್ರ ನೋಡಿಕೊಳ್ಳುವ ಕೆಲಸ ನಮ್ಮ ಮನೆಗೆ ಬಂದಿತ್ತು.

ರಸ್ತೆ ಅಗಲ ಮಾಡಲು ಛತ್ರ ಹೋಗಬೇಕಾಯಿತು. ಬೇರೆ ದಾರಿಯಿಲ್ಲ ಎಂದು ಗೊತ್ತಾದ ಮೇಲೆ ಅಪ್ಪ, ಕೆರೆಯ ಪಕ್ಕದ ಜಾಗದಲ್ಲಿ ಅದನ್ನು ಹಾಗೆಯೇ ಮತ್ತೆ ಕಟ್ಟಿಸುತ್ತೇನೆ ಎಂದು ಊರವರಿಗೆ ಮಾತು ಕೊಟ್ಟರು. ಬೇಡವೆನ್ನುತ್ತಿದ್ದವರನ್ನು ಒಪ್ಪಿಸಿದ್ದೂ ಅವರೇ. ಕಲ್ಲು ಬಿಚ್ಚಲು ಬಂದ ಕಲ್ಲುಕುಟಿಗ ಪ್ರತಿ ಕಲ್ಲಿಗೂ ಗುರುತು ಕೊರೆಯಬೇಕು ಅಂದ.

“ಸಣ್ಣ ಗುರುತು ಯಜಮಾನ್ರೇ. ಕಲ್ಲಿಗೂ ಗೊತ್ತಾಗಲ್ಲ.”

“ಕೊಟ್ಟೋರಿಗೆ ಗೊತ್ತಾಗ್ತೈತೆ.”

“ಅವರು ಸತ್ತು ಎಷ್ಟು ಕಾಲ ಆತು.”

“ಅದಕ್ಕೇ ಹೇಳಿದ್ದು. ಈಗ ಯಾರನ್ನ ಕೇಳಾಣ?”

ಅವನು ಡಾಂಬರು ಹಚ್ಚೋಣ ಎಂದರೆ ಅಪ್ಪ, ದೀಪ ಇಡುವ ಗೋಡೆಗೆ ಡಾಂಬರು ಬಳಿಯುತ್ತಾರೆಯೇ ಎಂದು ಅದನ್ನೂ ಒಪ್ಪಲಿಲ್ಲ. ಸುಣ್ಣ ಕಲಸಿಕೊಂಡು ತಾವೇ ಕೂತು, ಯಾವ ಗೋಡೆ, ಯಾವ ಸಾಲು ಎಂದು ಕಲ್ಲು ಕಲ್ಲಿಗೂ ಬರೆದರು. “ಮಳೆ ಬಂದ್ರೆ ಏನ್ ಮಾಡ್ತೀರಿ?” ಅಂತ ಅವ್ವ ಕೇಳಿದಳು. ಮಳೆಗಾಲದೊಳಗೆ ಗೋಡೆ ಎದ್ದಿರುತ್ತದೆ ಎಂದರು.

ಏಳಲಿಲ್ಲ. ಕೆರೆ ಪಕ್ಕದ ಜಾಗ ತಮ್ಮದೆಂದು ಒಬ್ಬರು ತಕರಾರು ತೆಗೆದರು. ಅದು ತೀರುವ ಹೊತ್ತಿಗೆ ಬೇಸಿಗೆ ಮುಗಿದಿತ್ತು. ಅಪ್ಪ ಕಲ್ಲಿನ ರಾಶಿಗೆ ಅಡಿಕೆ ಸೋಗೆ ಹೊದಿಸಿದ್ದರು. ಮುಂಗಾರಿನ ಮೊದಲ ಗಾಳಿ ಅದನ್ನು ಹೊತ್ತುಕೊಂಡು ಹೋಯಿತು.

ಸುದ್ದಿ ಕೇಳಿ ನಾನು ಗಂಡನ ಮನೆಯಿದ್ದ ಸೊರಬದಿಂದ ಬಸ್ಸು ಹತ್ತಿ ಬಂದಾಗ ಅವರು ಕೆರೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಲ್ಲೊಂದನ್ನು ಟವೆಲಿನಿಂದ ಒರೆಸುತ್ತಿದ್ದರು. ಸುಣ್ಣ ಎಲ್ಲಿಯೂ ಉಳಿದಿರಲಿಲ್ಲ.

“ಇದು ಬಾಗ್ಲ ಬಲಗಡೀದು ಅಲ್ವೇನವ್ವ?” ಎಂದು ನನ್ನನ್ನು ಕೇಳಿದರು.

ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಆಡಿದ್ದೆ. ಆದರೂ ನನಗೆ ಗೊತ್ತಾಗಲಿಲ್ಲ. ಇರಬಹುದು ಅಪ್ಪ ಅಂದೆ.

ಮಳೆ ನಿಂತ ಮೇಲೆ ನೆನಪಿನ ಮೇಲೆ ಒಂದು ಗೋಡೆ ಏರಿಸಿ ನೋಡಿದರು. ಸೊಂಟದೆತ್ತರಕ್ಕೆ ಬರುವಷ್ಟರಲ್ಲಿ ಅದು ಹೊಟ್ಟೆ ಬಿಟ್ಟು ಹೊರಕ್ಕೆ ಉಬ್ಬಿತು. ಕಲ್ಲು ಒಡೆದು ಕೂರಿಸಿಕೊಡುತ್ತೇನೆ ಎಂದ ಕಲ್ಲುಕುಟಿಗ. ಅಪ್ಪ ಬೇಡವೆಂದರು. ಅವನೇ ಗೋಡೆ ಬಿಚ್ಚಿಟ್ಟು ಹೋದ. ಸಂತೆಗೆ ಹೋದರೆ “ಛತ್ರ ಎಲ್ಲಿಗೆ ಬಂತ್ರೀ?” ಎಂದು ಯಾರಾದರೂ ಕೇಳುತ್ತಿದ್ದರು. ಕೇಳುವವರಲ್ಲಿ ಕುಹಕವೂ ಇತ್ತು, ನಿಜವಾದ ಕಾಳಜಿಯೂ ಇತ್ತು. ಅಪ್ಪ ಸಂತೆಗೆ ಹೋಗುವುದನ್ನು ಬಿಟ್ಟರು.

ಆಮೇಲೆ ಒಬ್ಬೊಬ್ಬರೇ ಕಲ್ಲು ಒಯ್ಯತೊಡಗಿದರು. ಬಟ್ಟೆ ಒಗೆಯಲು ಒಂದು, ಹಿತ್ತಲಿನ ಮೆಟ್ಟಿಲಿಗೆ ಒಂದು. ನೀವು ತಡೆಯಬಾರದೇ ಎಂದು ನಾನು ಕೇಳಿದೆ. “ಅವರ ಅಜ್ಜ ಮುತ್ತಜ್ಜ ಕೊಟ್ಟಿದ್ದು. ಒಯ್ಯಬೇಡ ಅನ್ನೋಕೆ ನಾನ್ಯಾರು,” ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಪ್ಪ ಚಳಿಗಾಲದಲ್ಲಿ ತೀರಿಕೊಂಡರು. ಕಾಯಿಲೆ ದೊಡ್ಡದೇನಲ್ಲ, ಊಟ ಕಡಿಮೆಯಾಗುತ್ತಾ ಬಂದಿತ್ತು. ಮಣ್ಣು ಕೊಡಲು ಬಂದ ದೂರದ ಊರುಗಳವರಲ್ಲಿ ಬಸ್ಸು ಸಿಗದ ಕೆಲವರು, ಉಳಿಯಲು ಜಾಗ ಕೇಳಿಕೊಂಡು ಮನೆ ಮನೆ ಅಲೆದರು. ಅವ್ವ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಆ ದಿನ ಅವಳು ಅತ್ತದ್ದು ಆಗ ಮಾತ್ರ.

ತಕರಾರು ತೀರಿದ ಕೆರೆ ಪಕ್ಕದ ಜಾಗ ಈಗಲೂ ಊರಿನ ಹೆಸರಿನಲ್ಲೇ ಇದೆ. ಅದರಲ್ಲಿ ಛತ್ರ ಇಲ್ಲ.